ಇನ್ನೂರು ಚಾನೆಲ್, ಎಲ್ಲವೂ ಖಾಲಿ

ವಾಕಿಟಾಕಿ ಮಾತುಗಳನ್ನು ಗಾಳಿಯಿಂದ ಹಿಡಿದು ಕೇಳಿಸುವ ರೇಡಿಯೋ ಸ್ಕ್ಯಾನರ್ ಒಂದನ್ನು ಕೊಂಡೆ. ಡಬ್ಬಿಯ ಮೇಲೆ ‘200 ಚಾನೆಲ್’, ಅಂದರೆ ಫ್ರೀಕ್ವೆನ್ಸಿ ತುಂಬಿಸಿಡುವ ಇನ್ನೂರು ಗೂಡು, ಅಂತ ದಪ್ಪಕ್ಷರದಲ್ಲಿತ್ತು. ಇನ್ನೂರೂ ಖಾಲಿ ಅಂತ ಎಲ್ಲೂ ಇರಲಿಲ್ಲ. ಮೊದಲ ರಾತ್ರಿ ಸ್ಕ್ಯಾನ್ ಗುಂಡಿ ಒತ್ತಿ ಪೊಲೀಸರ ಮಾತಿಗೆ ಕಾದು ಕೂತೆ. ಅರ್ಧ ಗಂಟೆ ಕಳೆದರೂ ಪಿಟ್ಟೆನ್ನಲಿಲ್ಲ. ಸ್ಕ್ಯಾನ್ ಅಂದರೆ ನಾವು ತುಂಬಿಸಿಟ್ಟ ಫ್ರೀಕ್ವೆನ್ಸಿಗಳನ್ನು ಮಾತ್ರ ಇಣುಕಿ ನೋಡುವುದಂತೆ. ಹೊಸದನ್ನು ಹುಡುಕಲು ಬೇರೆಯೇ ಗುಂಡಿ, ಸರ್ಚ್.

ಸರ್ಚ್‌ಗೆ ಹಾಕಿ 136ರಿಂದ 174 ಮೆಗಾಹರ್ಟ್ಜ್ ಕೊಟ್ಟೆ. 12.5 ಕಿಲೋಹರ್ಟ್ಜ್‌ಗೊಂದು ಹೆಜ್ಜೆ ಅಂದರೂ ಮೂರು ಸಾವಿರಕ್ಕೂ ಮಿಕ್ಕಿ ಹೆಜ್ಜೆ. ವಾಕಿಟಾಕಿಯವರು ಮಾತಾಡುವುದೋ ನಾಲ್ಕೈದು ಸೆಕೆಂಡು. ಅಷ್ಟರಲ್ಲಿ ಯಂತ್ರ ಇನ್ನೆಲ್ಲೋ ಇರುತ್ತದೆ. 2 ಮೆಗಾಹರ್ಟ್ಜ್‌ನ ತುಂಡು ಮಾಡಿ ಒಂದೊಂದು ಸಂಜೆಗೆ ಒಂದೊಂದು ತುಂಡು ಜಾಲಾಡಿದ ಮೇಲೆಯೇ ಬಲೆಗೆ ಏನಾದರೂ ಬೀಳತೊಡಗಿದ್ದು. ಮೊದಲು ಬಿದ್ದದ್ದು ನನ್ನದೇ ಲ್ಯಾಪ್‌ಟಾಪಿನ ಗುಂಯ್‌ಗುಟ್ಟುವಿಕೆ, ಆಮೇಲೆ ಯಾವುದೋ ಕಟ್ಟಡದ ಕಾವಲುಗಾರರು. ಒಂದೆಡೆ ಬರೀ ಅರ್ಧ ಸಂಭಾಷಣೆ, ಪ್ರಶ್ನೆಯಿದೆ, ಉತ್ತರವಿಲ್ಲ. ರಿಪೀಟರ್ ಅಂದರೆ ಮಾತನ್ನು ದೂರಕ್ಕೆ ಮುಟ್ಟಿಸುವ ಮರುಪ್ರಸಾರ ಯಂತ್ರ, ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ಬಿತ್ತುತ್ತದೆ. ನಾನು ಹಿಡಿದದ್ದು ಒಳಹೋಗುವ ದಾರಿಯನ್ನು. ಹೊರಬರುವುದನ್ನು ಹುಡುಕಲು ಇನ್ನೆರಡು ಸಂಜೆ ಹೋಯಿತು.

ಇನ್ನೂ ಮೇಲಿನ ಯುಎಚ್‌ಎಫ್ ಫ್ರೀಕ್ವೆನ್ಸಿಗಳಲ್ಲಿ ಒಂದು ಕಡೆ ಹಗಲೂ ರಾತ್ರಿ ಜರ್‌ರ್ ಅನ್ನುವ ಸದ್ದು. “ಅಪ್ಪಾ, ಜೀರುಂಡೆ ಸಾಕಿದ್ದೀಯಾ?” ಅಂದಳು ಮಗಳು. ಅದು ಟ್ರಂಕಿಂಗ್ ಅನ್ನುವ, ಫ್ರೀಕ್ವೆನ್ಸಿಗಳನ್ನು ಎಲ್ಲರೂ ಹಂಚಿಕೊಳ್ಳುವ ವ್ಯವಸ್ಥೆಯ ಕಂಟ್ರೋಲ್ ಚಾನೆಲ್, ಅಂದರೆ ಕಂಪ್ಯೂಟರ್ ವಾಕಿಟಾಕಿಗಳಿಗೆ ಸೂಚನೆ ಕೊಡುವ ಜಾಗ. ಅಲ್ಲಿ ಪೊಲೀಸರಿಗೆ ಅಂತ ಕಾಯಂ ಫ್ರೀಕ್ವೆನ್ಸಿ ಇರುವುದಿಲ್ಲ. ಯಾರಾದರೂ ಗುಂಡಿ ಒತ್ತಿದಾಗ ಆ ಕ್ಷಣಕ್ಕೆ ಖಾಲಿ ಇರುವುದನ್ನು ಕಂಪ್ಯೂಟರ್ ಹಂಚುತ್ತದೆ. ನನ್ನದು ಹಳೇ ಮಾದರಿಯ ಅನಲಾಗ್ ಯಂತ್ರ, ಅದರ ಪಾಲಿಗೆ ಇದೆಲ್ಲ ಜೀರುಂಡೆಯೇ. ಡಿಜಿಟಲ್ ಸ್ಕ್ಯಾನರ್ ಇದ್ದರೆ ಹಿಂಬಾಲಿಸಬಹುದು. ಆದರೆ ಮಾತಿಗೆ ಬೇರೆಯವರು ಬಿಡಿಸಲಾಗದ ಸಂಕೇತದ ಬೀಗ, ಅಂದರೆ ಎನ್‌ಕ್ರಿಪ್ಶನ್ ಹಾಕಿದ್ದರೆ ಎಷ್ಟು ಸುರಿದು ಕೊಂಡರೂ ಅಷ್ಟೇ. ಅಂಗಡಿಯವನು ಈ ವಿಷಯ ಬಾಯಿಬಿಡಲೇ ಇಲ್ಲ. ನನ್ನ ದೊಡ್ಡ ತಕರಾರು ಇದೇ.

ಕಾನೂನನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ ತನಗಲ್ಲದ ಮಾತನ್ನು ಹೀಗೆ ಕದ್ದು ಕೇಳುವುದು 2006ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಡಿ ಅಪರಾಧ. ಅಮೆರಿಕದಲ್ಲಿ ಮನೆಯಲ್ಲಿ ಕೇಳಬಹುದು, ಆದರೆ ಕೆಲವು ರಾಜ್ಯಗಳಲ್ಲಿ ಕಾರಿನಲ್ಲಿ ಇಟ್ಟುಕೊಂಡರೆ ತಕರಾರು. ನಾನಿರುವಲ್ಲಿ ಕೇಳಲು ಅಡ್ಡಿಯಿಲ್ಲ, ವಿಚಾರಿಸಿಯೇ ಕೊಂಡದ್ದು.

ಯಂತ್ರವನ್ನು ಪೂರಾ ಬೈಯಲಾರೆ. ಗುಂಡಿಗಳು ಗಟ್ಟಿ, ಕತ್ತಲಲ್ಲೂ ಅಂಕಿ ಕಾಣುತ್ತದೆ, ಬರೀ ಗೊರಗೊರ ಸದ್ದನ್ನು ಅಡಗಿಸುವ ಸ್ಕ್ವೆಲ್ಚ್ ತಿರುಗಣೆ ನಯವಾಗಿದೆ. ಜೊತೆಗೆ ಕೊಟ್ಟ ಗಿಡ್ಡ ರಬ್ಬರ್ ಆಂಟೆನಾ ಮಾತ್ರ ದಂಡ. 75ನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಕಾಲು ತರಂಗದ ಉದ್ದ, ಅಂದರೆ ಆಂಟೆನಾಗೆ ಒಪ್ಪುವ ಉದ್ದ, ಮೀಟರಿನಲ್ಲಿ ಸಿಗುತ್ತದೆ. 155ಕ್ಕೆ ಸುಮಾರು 48 ಸೆಂಟಿಮೀಟರ್. ಅಷ್ಟುದ್ದದ ತಂತಿಯಿಂದ ಆಂಟೆನಾ ಮಾಡಿ ಕಿಟಕಿಯ ಬಳಿ ನಿಲ್ಲಿಸಿದ ದಿನವೇ ನಾಲ್ಕು ಹೊಸ ದನಿ ಸಿಕ್ಕವು.

ಐದಕ್ಕೆ ಮೂರು ಕೊಡುತ್ತೇನೆ. ನಾಲ್ಕು ತಿಂಗಳಲ್ಲಿ ತುಂಬಿರುವುದು 23 ಚಾನೆಲ್. ಅದರಲ್ಲಿ ಪೊಲೀಸರದು ಒಂದೇ ಒಂದು, ಅವರೂ ಅಲ್ಲಿ ಹೆಚ್ಚಾಗಿ ಹೇಳುವುದು, “ಫೋನ್ ಮಾಡ್ತೀನಿ, ಅದರಲ್ಲೇ ಮಾತಾಡೋಣ.”