ದಿ ಹಂಡ್ರೆಡ್: ಮೊಮ್ಮಗಳಿಗೆ ಪೂರ್ತಿ ಇಷ್ಟ, ತಾತನಿಗೆ ಅರ್ಧ

ಟೆಸ್ಟ್ ನೋಡುವಷ್ಟು ಪುರುಸೊತ್ತಿಲ್ಲ ಅನ್ನುವವರಿಗೆ ಟಿ20 ಇದ್ದೇ ಇತ್ತು. ಅದನ್ನು 2003ರಲ್ಲಿ ಶುರು ಮಾಡಿದ್ದೂ ಇಂಗ್ಲೆಂಡ್‌ನವರೇ. ಅದೂ ಸಾಲದು ಅಂತ 2021ರಲ್ಲಿ ದಿ ಹಂಡ್ರೆಡ್ ಅನ್ನುವ 100 ಎಸೆತದ ಲೀಗ್ ತಂದರು. ಕ್ರಿಕೆಟ್ಟಿನ ಗಂಧಗಾಳಿ ಇಲ್ಲದ ಮನೆಮಂದಿಯನ್ನೂ ಮಕ್ಕಳನ್ನೂ ಮೈದಾನಕ್ಕೆ ಎಳೆಯುವುದು ಉದ್ದೇಶ. ನಾನು ಇದನ್ನು ಟಿವಿಯಲ್ಲಿ ನೋಡುವುದು ಅಪ್ಪ ಮತ್ತು ಅಕ್ಕನ ಮಗಳ ಜೊತೆ. ಹಾಗಾಗಿ ಈ ವಿಮರ್ಶೆಯಲ್ಲಿ ಅವರಿಬ್ಬರ ಪಾಲೇ ಜಾಸ್ತಿ.

ನಿಯಮ ಕಷ್ಟವಿಲ್ಲ. ಒಂದು ಇನಿಂಗ್ಸ್‌ಗೆ 100 ಎಸೆತ. ಪ್ರತಿ 5 ಎಸೆತ ಮುಗಿದಾಗ ಅಂಪೈರ್ ಬಿಳಿ ಕಾರ್ಡ್ ಎತ್ತುತ್ತಾರೆ, 10 ಎಸೆತಕ್ಕೊಮ್ಮೆ ತುದಿ ಬದಲು. ಮೊದಲ 25 ಎಸೆತ ಪವರ್‌ಪ್ಲೇ, ಅಂದರೆ ಬೌಂಡರಿ ಕಡೆ ಫೀಲ್ಡರ್‌ಗಳು ಕಡಿಮೆ. ಎರಡೂವರೆ ಗಂಟೆಯಲ್ಲಿ ಆಟ ಮುಗಿಯಬೇಕು.

ಅಪ್ಪ ಕ್ಲಬ್ ಪಂದ್ಯಗಳಿಗೆ ಸ್ಕೋರರ್ ಆಗಿದ್ದವರು. ಟಿವಿ ಮುಂದೆ ಕೂತರೂ ತೊಡೆಯ ಮೇಲೆ ಸ್ಕೋರ್ ಪುಸ್ತಕ ಬೇಕು. ಅದರ ಒಂದೊಂದು ಚೌಕದಲ್ಲಿ ಮೇಲೆ ಮೂರು, ಕೆಳಗೆ ಮೂರು ಚುಕ್ಕಿ. ಆರು ಎಸೆತದ ಓವರ್‌ನಲ್ಲಿ ಒಂದು ರನ್ನೂ ಬರದೆ ಮೇಡನ್ ಆದರೆ ಆರೂ ಚುಕ್ಕಿ ಸೇರಿಸಿ ‘ಎಂ’ ಬರೆಯುತ್ತಾರೆ. ಇಲ್ಲಿ ಐದಕ್ಕೇ ನಿಂತುಹೋಗುತ್ತದೆ. "ಏನೋ ಇದು, ಕುಂಟ ಎಂ!" ಅಂತ ಪೆನ್ಸಿಲ್ ಇಟ್ಟುಬಿಟ್ಟರು.

ಮತ್ತೆ ಅವರನ್ನು ಹಿಡಿದು ಕೂರಿಸಿದ್ದು ಬೌಲಿಂಗ್ ನಿಯಮ. ಒಬ್ಬ ಬೌಲರ್ ಸತತವಾಗಿ 5 ಹಾಕಬಹುದು, ಇಲ್ಲವೇ 10. ಪಂದ್ಯಕ್ಕೆ ಒಟ್ಟು 20 ಮೀರುವಂತಿಲ್ಲ. ಐದನೇ ಎಸೆತ ಆದ ಕೂಡಲೇ ಕ್ಯಾಪ್ಟನ್ ತೀರ್ಮಾನಿಸಬೇಕು: ಇವನನ್ನೇ ಮುಂದುವರಿಸಬೇಕಾ, ಕೊನೆಗೆ ಉಳಿಸಿಕೊಳ್ಳಬೇಕಾ? ಆ ಹೊತ್ತಿಗೆ ನಮ್ಮನೆಯಲ್ಲೂ ಅದೇ ಚರ್ಚೆ. "ತಾತ, ಅವನಿಗೇ ಕೊಡ್ತಾರೆ ನೋಡಿ" ಅನ್ನುತ್ತಾಳೆ ಇವಳು. "ಸುಮ್ನಿರೇ, ಸ್ಪಿನ್ನರ್ ಬರ್ತಾನೆ" ಅನ್ನುತ್ತಾರೆ ಅವರು. ಇಬ್ಬರೂ ಆಟದ ಒಳಗೇ ಇರುತ್ತಾರೆ. ಕ್ಯಾಚ್ ಔಟ್ ಆದರೆ ಹೊಸ ಬ್ಯಾಟರ್‌ನೇ ಸ್ಟ್ರೈಕ್‌ಗೆ ಬರಬೇಕು ಅನ್ನುವ ನಿಯಮವನ್ನೂ ಇಲ್ಲೇ ಮೊದಲು ಪರೀಕ್ಷೆ ಮಾಡಿದ್ದು. 2022ರ ಅಕ್ಟೋಬರ್‌ನಿಂದ ಅಂತಾರಾಷ್ಟ್ರೀಯ ಕ್ರಿಕೆಟ್‌ಗೂ ಅದು ಬಂತು. ಇಂಥ ಬದಲಾವಣೆ ಇನ್ನೂ ನಾಲ್ಕು ತರಲಿ, ಬೇಡ ಅನ್ನುವವರು ಯಾರು?

ಬೇಡವಾದದ್ದು ಡಿಜೆ, ಬೆಂಕಿಯ ಕಾರಂಜಿ, ಕಣ್ಣು ಕುಕ್ಕುವ ಬಣ್ಣದ ಸ್ಕೋರ್ ಪಟ್ಟಿ. ಹುಡುಗರಿಗೆ ಗದ್ದಲ ಬೇಕು ಅಂತ ಯಾರೋ ದೊಡ್ಡವರು ಮೀಟಿಂಗ್‌ನಲ್ಲಿ ಕೂತು ಊಹಿಸಿದ ಹಾಗಿದೆ. ನಮ್ಮನೆ ಹುಡುಗಿ ಅದರ ಕಡೆ ತಲೆ ಎತ್ತಿಯೂ ನೋಡುವುದಿಲ್ಲ. ಅಪ್ಪ ಮ್ಯೂಟ್ ಮಾಡುತ್ತಾರೆ.

ಅವಳಿಗೆ ಹುಚ್ಚು ಹಿಡಿಸಿದ್ದು ಭಾರತದ ಬ್ಯಾಟರ್ ಜೆಮಿಮಾ ರಾಡ್ರಿಗಸ್. ಈ ಲೀಗ್‌ನ ಮೊಟ್ಟಮೊದಲ ಪಂದ್ಯವೇ ಮಹಿಳೆಯರದು, 2021ರ ಜುಲೈ 21ರಂದು ಲಂಡನ್ನಿನ ಓವಲ್ ಮೈದಾನದಲ್ಲಿ. ಮೂರು ದಿನ ಬಿಟ್ಟು ಜೆಮಿಮಾ ಅವರ ತಂಡ ನಾರ್ದರ್ನ್ ಸೂಪರ್‌ಚಾರ್ಜರ್ಸ್ 19 ರನ್ನಿಗೆ 4 ವಿಕೆಟ್ ಕಳಕೊಂಡು ಕೂತಿತ್ತು. ಜೆಮಿಮಾ 43 ಎಸೆತದಲ್ಲಿ ಔಟಾಗದೆ 92 ಹೊಡೆದು ಗೆಲ್ಲಿಸಿದರು. ಆ ಇನಿಂಗ್ಸ್‌ನ ವಿಡಿಯೊ ಇವಳಿಗೆ ಬಾಯಿಪಾಠ. ಮಹಿಳೆಯರ ಪಂದ್ಯ, ಗಂಡಸರ ಪಂದ್ಯ ಒಂದೇ ದಿನ, ಒಂದೇ ಮೈದಾನ, ಒಂದೇ ಟಿಕೆಟ್. ಬಹುಮಾನದ ಮೊತ್ತವೂ ಅಷ್ಟೇ. ನನ್ನ ಪ್ರಕಾರ ಇಡೀ ಲೀಗ್‌ನಲ್ಲಿ ನಿಜವಾಗಿ ಹೊಸದು ಇದೊಂದೇ. 100 ಎಸೆತದ ಲೆಕ್ಕ ಇಲ್ಲದಿದ್ದರೂ ಇದು ನಡೆಯುತ್ತಿತ್ತು, ಅಲ್ವಾ?

ಹಳಬರು ತೆತ್ತ ಬೆಲೆಯೂ ಇದೆ. ದಿ ಹಂಡ್ರೆಡ್ ನಡೆಯುವ ಆಗಸ್ಟ್‌ನಲ್ಲೇ ಇರುವ ಕೌಂಟಿಗಳ (ಇಂಗ್ಲೆಂಡ್‌ನ ಹಳೆಯ ಪ್ರಾಂತೀಯ ತಂಡಗಳ) ಒಂದು ದಿನದ ಕಪ್‌ಗೆ ಒಳ್ಳೆ ಆಟಗಾರರೇ ಸಿಗುವುದಿಲ್ಲ. ಅಪ್ಪನಿಗೆ ಇದರ ಮೇಲೆ ಸಿಟ್ಟು, ಅದು ನ್ಯಾಯವೇ.

ಈಗ ಚಿಕ್ಕವಳಿಗೂ ಸಿಟ್ಟು ಬಂದಿದೆ. 2025ರಲ್ಲಿ ಸೂಪರ್‌ಚಾರ್ಜರ್ಸ್ ಮಹಿಳೆಯರು ಕಪ್ ಗೆದ್ದರು. ಅದೇ ವರ್ಷ ತಂಡ ಐಪಿಎಲ್‌ನ ಸನ್‌ರೈಸರ್ಸ್ ಹೈದರಾಬಾದ್ ಒಡೆಯರಾದ ಸನ್ ಗ್ರೂಪ್ ಪಾಲಾಗಿತ್ತು. 2026ಕ್ಕೆ ಹೆಸರು ಸನ್‌ರೈಸರ್ಸ್ ಲೀಡ್ಸ್. ಓವಲ್ ಇನ್ವಿನ್ಸಿಬಲ್ಸ್ ತಂಡ ಕೂಡ ಎಂಐ (ಮುಂಬೈ ಇಂಡಿಯನ್ಸ್) ಲಂಡನ್ ಆಯಿತು. ಮಕ್ಕಳನ್ನು ಅಭಿಮಾನಿ ಮಾಡಿಕೊಳ್ಳಲು ಇಷ್ಟು ಕಷ್ಟಪಟ್ಟು, ಅವರು ಹಚ್ಚಿಕೊಂಡ ಹೆಸರನ್ನೇ ಕಿತ್ತುಹಾಕಿದರೆ ಹೇಗೆ?

ನನ್ನಿಂದ ಐದಕ್ಕೆ ಮೂರೂವರೆ. ಹೊಸಬರು ಮಹಿಳೆಯರ ಪಂದ್ಯದಿಂದ ಶುರು ಮಾಡಿ, ರಿಮೋಟ್ ಕೈಯಲ್ಲೇ ಇಟ್ಟುಕೊಳ್ಳಿ.