ನೀಲಿ, ಕೆಂಪು, ಕಿತ್ತಳೆ: ಮಂಡ್ಯದ ಬಿಸಿಲಿಗೆ ಯಾವ ಪಾಚಿ ಗಿಟ್ಟುತ್ತದೆ?

ಮಾರಲು ಬಣ್ಣ ತೆಗೆಯಬಹುದಾದ ಮೂರು ಪಾಚಿಗಳಿವು: ಸ್ಪಿರುಲಿನಾದ ನೀಲಿ ಫೈಕೋಸಯನಿನ್, ಹೆಮಟೋಕಾಕಸ್‌ನ ಕೆಂಪು ಅಸ್ಟಾಕ್ಸಾಂಥಿನ್, ಡುನಾಲಿಯೆಲ್ಲಾದ ಕಿತ್ತಳೆ ಬೀಟಾ ಕ್ಯಾರೋಟಿನ್. ಬೋರ್‌ವೆಲ್ ನೀರು, ಆಗಾಗ ಕೈಕೊಡುವ ಕರೆಂಟು, ಇಷ್ಟರಲ್ಲೇ ಮೂರನ್ನೂ ಬೆಳೆಸಿ ನೋಡಿದೆವು. ಬೆಳೆಸುವ ಖರ್ಚಷ್ಟೇ ನೋಡಿದರೆ ಸಾಲದು. ದುಡ್ಡು ಹೆಚ್ಚು ಸೋರುವುದು ಪಾಚಿಯನ್ನು ನೀರಿನಿಂದ ಬೇರ್ಪಡಿಸಿ ಬಣ್ಣ ತೆಗೆಯುವಾಗ.

ಕಿತ್ತಳೆಯನ್ನು ಬೇಗ ಮುಗಿಸಿಬಿಡೋಣ. ಲೀಟರಿಗೆ ಸುಮಾರು 100 ಗ್ರಾಂ ಉಪ್ಪು ಬೇಕು. 100 ಚದರ ಮೀಟರ್ ವಿಸ್ತೀರ್ಣ, 20 ಸೆಂ.ಮೀ. ಆಳದ ಕೊಳಕ್ಕೆ 20,000 ಲೀಟರ್ ನೀರು, ಅಂದರೆ 2 ಟನ್ ಉಪ್ಪು. ಕಡಲತಡಿಯವರಿಗೆ ಅದು ಎದುರಿಗೇ ಇದೆ, ನಮಗೆ ಲಾರಿಯಲ್ಲಿ ಬರಬೇಕು. ಹಳೆಯ ಉಪ್ಪುನೀರನ್ನು ಎಲ್ಲಿ ಬಿಡುತ್ತೀರಿ? ಚೌಳಿನ ಕಾಟವಿರುವ ನಾಲೆ ಬಯಲಲ್ಲಿ ಪಕ್ಕದ ಕಬ್ಬಿನ ಗದ್ದೆಯವರು ಸುಮ್ಮನಿರುವುದಿಲ್ಲ.

ಕೆಂಪಿಗೆ ಕೆ.ಜಿ. ಲೆಕ್ಕದಲ್ಲಿ ಬೆಲೆ ಜಾಸ್ತಿ, ಆದರೆ ಆರೈಕೆ ಬಹಳ ಬೇಡುತ್ತದೆ. ಕೆಂಪಾಗುವ ಮುಂಚೆ ಬೆಳೆಯುವ ಹಸಿರು ಹಂತಕ್ಕೆ 20–25 ಡಿಗ್ರಿ ತಂಪು ಬೇಕು. ಏಪ್ರಿಲ್‌ನಲ್ಲಿ ಚಿಲ್ಲರ್ ಇಲ್ಲದೆ ಆಗದು. ಸಿಹಿನೀರು, ತಟಸ್ಥ ಪಿಎಚ್ (ಹುಳಿ-ಕ್ಷಾರದ ಅಳತೆ) ಆದ್ದರಿಂದ ಶಿಲೀಂಧ್ರ ನುಗ್ಗಿದರೆ ಕೆಲವೇ ದಿನಗಳಲ್ಲಿ ಪಾಚಿ ಬೆಳೆಸುವ ಇಡೀ ಟ್ಯೂಬು ಹೋಯಿತು. ಕೆಂಪಾದ ಕೋಶದ ಗೋಡೆ ಗಟ್ಟಿ. ಸಣ್ಣ ಮಣಿಗಳ ಜೊತೆ ಅರೆಯುವ ಮಣಿ ಗಿರಣಿಯಲ್ಲಿ ಒಡೆದ ಮೇಲೆಯೇ ಬಣ್ಣ ಬಿಡುತ್ತದೆ. ಮೀನಿನ ಆಹಾರದವರಿಗೆ ಕೃತಕ ಅಸ್ಟಾಕ್ಸಾಂಥಿನ್ ಅಗ್ಗಕ್ಕೆ ಸಿಗುವುದರಿಂದ, ಮಾತ್ರೆ ಮಾಡುವವರನ್ನಷ್ಟೇ ನಂಬಬೇಕು.

ಉಳಿದದ್ದು ನೀಲಿ. ಸ್ಪಿರುಲಿನಾ ಎಳೆಎಳೆಯಾಗಿರುವುದರಿಂದ 40–50 ಮೈಕ್ರಾನ್ ಬಟ್ಟೆಯಲ್ಲೇ ಸೋಸಬಹುದು, ರಭಸದಿಂದ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಬೇಡ. ಗೆಲುವಿನ ಅರ್ಧ ಇಲ್ಲೇ ಇದೆ. ಸ್ಪಿರುಲಿನಾ ಬೆಳೆಸುವ ಪೋಷಕ ನೀರಿನ ಪುಸ್ತಕದ ಪಾಕವಾದ ಜರೂಕ್ ಮಾಧ್ಯಮದಲ್ಲಿ ಅಡುಗೆ ಸೋಡಾ ಲೀಟರಿಗೆ 16.8 ಗ್ರಾಂ; ಅರ್ಧ ಹಾಕಿದರೂ ನಡೆಯುತ್ತದೆ, ಪಿಎಚ್ 9.5ರಿಂದ ಇಳಿಯಬಾರದು ಅಷ್ಟೇ. ಇಳಿದರೆ ಬೇರೆ ಪಾಚಿ ಸೇರಿಕೊಳ್ಳುತ್ತದೆ.

ಯೂರಿಯಾದಲ್ಲಿ ಮಾತ್ರ ಜಿಪುಣತನ ಬೇಡ. ಚದರ ಮೀಟರಿಗೆ 8 ಗ್ರಾಂ ಇಳುವರಿಯಂತೆ ಅಂಥದೇ 100 ಚದರ ಮೀಟರ್ ಕೊಳದಿಂದ ದಿನಕ್ಕೆ 800 ಗ್ರಾಂ ಒಣ ತೂಕ ಬಂದರೆ, ಅದರಲ್ಲಿ ಹೋದ ಸಾರಜನಕ ತುಂಬಲು ಸುಮಾರು 170 ಗ್ರಾಂ ಯೂರಿಯಾ ಬೇಕು. ಕಡಿಮೆಯಾದರೆ ಪಾಚಿ ಮೊದಲು ತನ್ನ ನೀಲಿಯನ್ನೇ ತಿನ್ನುತ್ತದೆ: ತೂಕ ಬರುತ್ತದೆ, ಕೊಳ ಹಳದಿಗೆ ತಿರುಗುತ್ತದೆ, ಬಣ್ಣ ಇರುವುದಿಲ್ಲ. ಒಮ್ಮೆಗೇ ಸುರಿದರೆ ಅಮೋನಿಯಾ ಮೂಗಿಗೆ ಹೊಡೆಯುತ್ತದೆ, ಎಳೆ ತುಂಡಾಗಿ ನೊರೆ ಏಳುತ್ತದೆ. ಎರಡು ಕಂತಿನಲ್ಲಿ ಹಾಕಿ.

ಬಣ್ಣವನ್ನು ಪಾಚಿ ಒಣಗಿಸಿ ತೆಗೆಯಬೇಕೋ, ಹಸಿಯಾಗಿಯೇ ತೆಗೆಯಬೇಕೋ? ಹಸಿಯೇ ಸರಿ. ಫೈಕೋಸಯನಿನ್ 45 ಡಿಗ್ರಿ ದಾಟಿದರೆ ಕೆಡಲು ಶುರು, ಬಿಸಿಲಲ್ಲಿ ಒಣಗಿಸಿದ ಪುಡಿಯಿಂದ ಮಂಕು ನೀಲಿಯೇ ಬಂತು. ಹಿಂಡಿದ ಹಸಿ ಮುದ್ದೆಯನ್ನು ಅದೇ ದಿನ ಫ್ರೀಜ್ ಮಾಡಿ, ಕರಗಿಸಿ, ಅದರ ಐದು ಪಟ್ಟು ಪಿಎಚ್ 7ರ ಫಾಸ್ಫೇಟ್ ನೀರಿನಲ್ಲಿ ತಣ್ಣಗೆ ನೆನೆಸಿ. ಮಿಕ್ಸಿಯಲ್ಲಿ ರುಬ್ಬಿದರೆ ಹಸಿರೂ ಕದಡಿ ಬರುತ್ತದೆ. ಆಮೇಲೆ ಎಷ್ಟು ಸೋಸಿದರೂ ತಿಳಿನೀಲಿ ಸಿಗದು. ಬಣ್ಣ ಎಷ್ಟು ಶುದ್ಧ ಎಂದು ನೋಡಲು, ಅದು 620 ನ್ಯಾನೊಮೀಟರ್ ಬೆಳಕನ್ನು ಹೀರುವ ಅಳತೆಯನ್ನು 280 ನ್ಯಾನೊಮೀಟರ್‌ನ ಅಳತೆಯಿಂದ ಭಾಗಿಸಿ; 0.7 ಮುಟ್ಟಿದರೆ ಆಹಾರದರ್ಜೆ. ಇಲ್ಲಿ ಕರೆಂಟು ಹೋಗಿ ಮುದ್ದೆ ಅರೆ ಕರಗಿ ನಾತ ಹಿಡಿದರೆ ಆ ಬ್ಯಾಚು ಗೊಬ್ಬರಕ್ಕೆ. ಹಾಗಾಗಿ ಜನರೇಟರ್ ಖರ್ಚನ್ನು ಬಣ್ಣದ ಬೆಲೆಗೇ ಸೇರಿಸಿ.

ಕೊಳ್ಳುವವರನ್ನೂ ನೋಡಿ ಆರಿಸಿ. ಐಸ್‌ಕ್ರೀಮಿಗೆ, ತಣ್ಣನೆ ಮಿಠಾಯಿಗೆ ಈ ನೀಲಿ ನಿಲ್ಲುತ್ತದೆ. ನಿಂಬೆ ಶರಬತ್ತಿನ ಹುಳಿಗೆ ಮಾಸುತ್ತದೆ. ಕುದಿಯುವ ತುಪ್ಪದ ಮೈಸೂರು ಪಾಕಿಗಂತೂ ಮಾರಲು ಹೋಗಲೇಬೇಡಿ.