ಕೆಲಸ ಬಿಟ್ಟು ವಿಜ್ಞಾನ ಮೇಷ್ಟ್ರಾಗೋದು: ಸರ್ಕಾರಿ ಶಾಲೆಯೋ, ಖಾಸಗಿಯೋ?

ಬಿ.ಎಸ್ಸಿ. ಮಾಡಿ ಲ್ಯಾಬ್ ಕೆಲಸದಲ್ಲಿದ್ದೀರಿ, ಈಗ ಪಾಠ ಹೇಳುವ ಆಸೆ, ಅಲ್ವಾ? ಮೊದಲು 2 ವರ್ಷದ ಬಿ.ಇಡಿ. ಮಾಡಿಕೊಳ್ಳಿ.

ಖಾಸಗಿ ಶಾಲೆಯಲ್ಲಿ ಸಂದರ್ಶನ, ಒಂದು ಡೆಮೊ ಪಾಠ, ಬೇಗ ಕೆಲಸ. ಆದರೆ ಸಂಬಳ ಶಾಲೆಯಿಂದ ಶಾಲೆಗೆ ಬೇರೆ. ಕೇಳಿಯೇ ಸೇರಿ.

ಸರ್ಕಾರಿ ದಾರಿ ಉದ್ದ. 6ರಿಂದ 8ನೇ ತರಗತಿಗಾದರೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕೇ ಬೇಕು: 150 ಅಂಕ, ಅದರಲ್ಲಿ ಗಣಿತ-ವಿಜ್ಞಾನಕ್ಕೆ 60. ಪಾಸಾದರೂ ಕೆಲಸ ಸಿಕ್ಕಂತಲ್ಲ, ನೇಮಕಾತಿ ಪರೀಕ್ಷೆ ಬೇರೆ ಇರುತ್ತದೆ. ಅಧಿಸೂಚನೆಗೆ ಕಾಯಬೇಕು, ವಯೋಮಿತಿಯನ್ನೂ ನೋಡಿಕೊಳ್ಳಬೇಕು. ಸಿಕ್ಕರೆ ಭದ್ರತೆ ಜಾಸ್ತಿ. ಹಳ್ಳಿಯ ಪೋಸ್ಟಿಂಗ್‌ಗೂ ತಯಾರಿರಿ. ಅಲ್ಲಿ ಲ್ಯಾಬ್ ಇಲ್ಲದಿದ್ದರೂ ದಾಸವಾಳದ ರಸಕ್ಕೆ ನಿಂಬೆಹುಳಿ ಹಿಂಡಿ ತೋರಿಸಿ. ಬಣ್ಣ ಕೆಂಪಗಾದಾಗ ಮಕ್ಕಳ ಕಣ್ಣು ನೋಡಬೇಕು!

ಮನೆಸಾಲ ಇದ್ದರೆ ಕೆಲಸ ಬಿಡದೆ ಟಿಇಟಿಗೆ ಓದಿ. ಸಾಲವಿಲ್ಲದಿದ್ದರೆ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಲೇ ಸರ್ಕಾರಿ ಪರೀಕ್ಷೆ ಬರೆಯಿರಿ. ನನಗೆ ಇದೇ ಸರಿ ಅನ್ನಿಸುತ್ತದೆ.